ನಮಾಜ್ ಟೈಮ್ ಬೋರ್ಡೂ ಒಂದು ಮೀಟರ್ ಪಿವಿಸಿ ಪೈಪೂ

ನಂದು ತೀರ್ಥಹಳ್ಳಿ ಕಡೆ ಒಂದು ಸಣ್ಣ ರಿಪೇರಿ ಅಂಗಡಿ. ಯುಪಿಎಸ್ಸು, ಆಂಪ್ಲಿಫೈಯರ್ರು, ಸಿಡಿಲು ಹೊಡೆದು ಸತ್ತ ಸೆಟ್ ಟಾಪ್ ಬಾಕ್ಸು, ಇಂಥದ್ದೇ ಕೆಲಸ. ಹೋದ ಚಳಿಗಾಲ ನಮ್ಮ ಮಸೀದಿಯ ಆಂಪ್ಲಿಫೈಯರ್ ಹಿಡ್ಕೊಂಡು ಹಜರತ್ ಬಂದಿದ್ರು, ಇಮಾಮರನ್ನ ನಾವು ಹಜರತ್ ಅಂತ್ಲೇ ಕರೆಯೋದು, ಟ್ರಾನ್ಸಿಸ್ಟರ್ ಬದಲಾಯಿಸೋವರೆಗೆ ಕೂತ್ಕೊಳ್ಳಿ ಅಂತ ಸ್ಟೂಲ್ ಕೊಟ್ಟೆ, ಟೀ ಕುಡೀತಾ ಹೇಳಿದ್ರು, "ಬೇಟಾ, ಆ ಕೆಂಪು ಲೈಟಿನ ಬೋರ್ಡ್ ಕೆಳಗಿಳಿಸಿ ಗೋಡೌನಿಗೆ ಹಾಕಿದೀವಿ, ನಿನ್ನ ಕೈಲಿ ಏನಾದ್ರೂ ಆಗುತ್ತಾ ನೋಡು."

ನಮಾಜ್ ಟೈಮ್ ತೋರಿಸೋ ಆ ಬೋರ್ಡಿನ ಕಥೆ ಗೊತ್ತಿತ್ತು. ಕಮಿಟಿಯ ಒಬ್ಬರು ಚಾಚಾ ಬೆಂಗಳೂರಿಂದ ರೆಡಿಮೇಡ್ ತಂದಿದ್ದು. ಅದರೊಳಗೆ ಇಡೀ ವರ್ಷದ ಟೈಮು ತುಂಬಿಸಿಟ್ಟಿದ್ರು, ಎಲ್ಲಾ ಬೆಂಗಳೂರಿಂದು, ಊರು ಬದಲಾಯಿಸೋಕೆ ದಾರಿನೇ ಇಲ್ಲ. ನಮ್ಮ ದೇಶದ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಮೇಲೆ, ಒಂದು ಡಿಗ್ರಿ ಪಶ್ಚಿಮಕ್ಕೆ ಬಂದ್ರೆ ಸೂರ್ಯ 4 ನಿಮಿಷ ಲೇಟು. ಬೆಂಗಳೂರು 77.59, ತೀರ್ಥಹಳ್ಳಿ 75.24. ಅಂದ್ರೆ ಅಲ್ಲಿ ಸೂರ್ಯ ಮುಳುಗಿ ಸುಮಾರು 9 ನಿಮಿಷ ಆದ್ಮೇಲೆ ನಮ್ಮಲ್ಲಿ ಮುಳುಗೋದು. ಬೇರೆ ದಿನ ಆದ್ರೆ ಹೋಗ್ಲಿ ಅನ್ಬಹುದು, ರಂಜಾನಲ್ಲಿ 9 ನಿಮಿಷ ಮುಂಚೆ ಇಫ್ತಾರ್ ಮಾಡಿದ್ರೆ ಇಡೀ ದಿನದ ರೋಜಾ, ಅಂದ್ರೆ ಉಪವಾಸ, ಹೋಯ್ತು. ಪುಣ್ಯಕ್ಕೆ ಹಜರತ್ ಗೋಡೆ ಮೇಲಿನ ಹಳೇ ದಾಯಮಿ (ಯಾವ ವರ್ಷಕ್ಕೂ ನಡೆಯೋ) ಟೈಮ್‌ಟೇಬಲ್ ನೋಡೋರು, ಬೋರ್ಡ್ ನಂಬ್ತಿರ್ಲಿಲ್ಲ.

ಆಯ್ತು, ನಾನೇ ಮಾಡ್ತೀನಿ ಅಂದೆ. ಅಂದ್ಮೇಲೆ ಗೊತ್ತಾಯ್ತು ಎಂತಕ್ಕೆ ಕೈ ಹಾಕ್ದೆ ಅಂತ.

ಬೆಂಗಳೂರಿನ ಎಸ್.ಪಿ. ರೋಡಿಂದ ಪಿ10 ಅನ್ನೋ ಎಲ್‌ಇಡಿ ಪ್ಯಾನೆಲ್ ನಾಲ್ಕು ತರಿಸ್ದೆ. ಒಂದೊಂದು 32ಕ್ಕೆ 16 ಚುಕ್ಕಿ, ಚುಕ್ಕಿ ಚುಕ್ಕಿ ಮಧ್ಯೆ 10 ಮಿಲಿಮೀಟರ್, ಬರೀ ಕೆಂಪು. ಎರಡರ ಮೇಲೆ ಎರಡು ಜೋಡಿಸಿದ್ರೆ 64 ಸೆಂ.ಮೀ. ಅಗಲ 32 ಸೆಂ.ಮೀ. ಎತ್ತರ, ಹಿಂದಿನ ಸಾಲಲ್ಲಿ ಕೂತೋರಿಗೂ ಕಾಣುತ್ತೆ. ಮಿದುಳಿಗೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್ಪು, ಟೈಮ್ ಹಿಡಿಯೋಕೆ ಡಿಎಸ್3231 ಅನ್ನೋ ಗಡಿಯಾರದ ಚಿಪ್ಪು, ಕರೆಂಟಿಗೆ 5 ವೋಲ್ಟ್ 20 ಆಂಪಿಯರ್ ಎಸ್ಎಂಪಿಎಸ್ ಸಪ್ಲೈ. ಮೊದಲು ಜಿಪಿಎಸ್ ಮಾಡ್ಯೂಲ್ ಹಾಕೋಣ, ಟೈಮೂ ಸಿಗುತ್ತೆ ಜಾಗನೂ ಸಿಗುತ್ತೆ ಅಂತ ಪ್ಲಾನ್ ಇತ್ತು, ಮಸೀದಿಗೆ ತಗಡಿನ ಶೀಟು, ಕೆಳಗೆ ಒಂದು ಸ್ಯಾಟಲೈಟೂ ಸಿಗ್ಲಿಲ್ಲ. ವೈಫೈ ಕಥೆ ಕೇಳಲೇಬೇಡಿ, ಜೋರು ಮಳೆ ಬಂದ್ರೆ ನಮ್ಮಲ್ಲಿ ಮೊಬೈಲ್ ಟವರ್ರೇ ಮಲಗಿಬಿಡುತ್ತೆ. ಹಂಗಾಗಿ ಗಡಿಯಾರದ ಚಿಪ್ಪೇ ಗತಿ, ಡಿಎಸ್3231 ಉಷ್ಣಾಂಶ ನೋಡ್ಕೊಂಡು ತನ್ನನ್ನ ತಾನೇ ತಿದ್ದಿಕೊಳ್ಳೋದು, 2 ಪಿಪಿಎಂ (ಹತ್ತು ಲಕ್ಷ ಸೆಕೆಂಡಿಗೆ ಎರಡು ಸೆಕೆಂಡು) ಅಂದ್ರೆ ವರ್ಷಕ್ಕೆ ಒಂದು ನಿಮಿಷ ಆಚೀಚೆ. ಹಳೇ ಡಿಎಸ್1307 ಹಾಕ್ಬೇಡಿ.

ಡಿಎಸ್3231 ಕೂರಿಸಿದ ಆ ನೀಲಿ ಮಾಡ್ಯೂಲ್ ತಗೊಂಡೋರಿಗೆ ಒಂದು ಮಾತು. ಅದರ ಮೇಲೆ ಬ್ಯಾಟರಿ ಚಾರ್ಜ್ ಮಾಡೋಕೆ ಒಂದು ಡಯೋಡು, 200 ಓಮ್ ರೆಸಿಸ್ಟರು ಇರುತ್ತೆ, ಅದು ಎಲ್‌ಐಆರ್2032 ಅನ್ನೋ ಚಾರ್ಜ್ ಆಗೋ ಸೆಲ್ಲಿಗೆ. ನಾವೆಲ್ಲ ಹಾಕೋದು ಅಂಗಡೀಲಿ ಸಿಗೋ ಸಿಆರ್2032, ಅದಕ್ಕೆ ಚಾರ್ಜ್ ಕೊಟ್ರೆ ಉಬ್ಬುತ್ತೆ. ಡಯೋಡೋ ರೆಸಿಸ್ಟರೋ ಒಂದನ್ನ ಬಿಚ್ಚಿ ಬಿಸಾಕಿ. ನಾನು ಬೇರೆ ಒಂದು ಕೆಲಸದಲ್ಲಿ ಉಬ್ಬಿದ ಸೆಲ್ ನೋಡಿದ್ದೆ, ಈ ಸಲ ಮೊದಲೇ ಐರನ್ ಹಿಡಿದು ಕಿತ್ತೆ.

ಪ್ಯಾನೆಲ್ ಮೊದಲ ದಿನ ದೆವ್ವ ಹಿಡಿದ ಹಾಗೆ ಕುಣೀತು, ಅರ್ಧ ಅಕ್ಷರ ಸರಿ ಅರ್ಧ ಚೆಲ್ಲಾಪಿಲ್ಲಿ, ಕೇಬಲ್ ಮುಟ್ಟಿದ್ರೆ ಸರಿ, ಕೈ ಬಿಟ್ರೆ ಮತ್ತೆ ಅದೇ. ಇಎಸ್‌ಪಿ ಕೊಡೋದು 3.3 ವೋಲ್ಟು, ಪ್ಯಾನೆಲ್ಲಿಗೆ ಬೇಕಾದ್ದು 5. ಮಧ್ಯೆ ವೋಲ್ಟೇಜ್ ಏರಿಸೋ 74ಎಚ್‌ಸಿಟಿ245 ಚಿಪ್ಪು ಕೂರಿಸಿದ ಮೇಲೆ ತೆಪ್ಪಗಾಯ್ತು.

ಈಗ ಲೆಕ್ಕದ ವಿಷಯ. ಐದು ಹೊತ್ತಿನ ನಮಾಜೂ ಸೂರ್ಯನ ಮೇಲೆ ನಿಂತಿದೆ. ಜುಹರ್ ಅಂದ್ರೆ ಸೂರ್ಯ ನೆತ್ತಿ ದಾಟಿದ ಮೇಲೆ, ಮಗ್ರಿಬ್ ಮುಳುಗಿದ ಮೇಲೆ, ಫಜರ್ ಬೆಳಗಿನ ಬಿಳಿ ಬೆಳಕು ಅಡ್ಡಕ್ಕೆ ಹರಡೋಕೆ ಶುರುವಾದಾಗ, ಇಶಾ ಸಂಜೆ ಬೆಳಕು ಪೂರ್ತಿ ಹೋದ ಮೇಲೆ. ಮಧ್ಯಾಹ್ನ ಇಳಿದ ಮೇಲಿನ ಅಸರ್‌ಗೆ ನೆರಳಿನ ಲೆಕ್ಕ, ಅದಕ್ಕೆ ಆಮೇಲೆ ಬರ್ತೀನಿ, ಕಥೆ ಇರೋದೇ ಅಲ್ಲಿ. ಇದಕ್ಕೆಲ್ಲ ಬೇಕಾದ್ದು ಮೂರೇ ಸಂಖ್ಯೆ, ನಮ್ಮೂರಿನ ಅಕ್ಷಾಂಶ 13.69, ಆ ದಿನದ ಸೂರ್ಯನ ಕ್ರಾಂತಿ (ಪಂಚಾಂಗದೋರು ಹೇಳೋ ಅದೇ ಕ್ರಾಂತಿ, ಸೂರ್ಯ ಸಮಭಾಜಕದಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದಾನೆ ಅನ್ನೋದು), ಮತ್ತೆ ಗಡಿಯಾರಕ್ಕೂ ಸೂರ್ಯಂಗೂ ಇರೋ ವ್ಯತ್ಯಾಸ. ಈ ಮೂರನೇದು ಮಜಾ. ನಮ್ಮಲ್ಲಿ ಸರಾಸರಿ ಮಧ್ಯಾಹ್ನ 12:29ಕ್ಕೆ ಅಂತ ಇಟ್ಕೊಳ್ಳಿ, ಫೆಬ್ರವರಿ ಎರಡನೇ ವಾರ ಅದು 12:43ರವರೆಗೆ ಹೋಗುತ್ತೆ, ನವೆಂಬರ್ ಮೊದಲ ವಾರ 12:13ಕ್ಕೇ ಬಂದ್ಬಿಡುತ್ತೆ.

ಫಜರ್, ಇಶಾಗೆ ಸೂರ್ಯ ದಿಗಂತದ ಕೆಳಗೆ ಎಷ್ಟು ಡಿಗ್ರಿ ಅನ್ನೋದರಲ್ಲೇ ಒಮ್ಮತ ಇಲ್ಲ. ಕರಾಚಿ ಲೆಕ್ಕ ಎರಡಕ್ಕೂ 18. ಮುಸ್ಲಿಂ ವರ್ಲ್ಡ್ ಲೀಗ್ 18, 17. ಉತ್ತರ ಅಮೆರಿಕದ ಇಸ್ನಾ 15, 15. ಮಕ್ಕಾದ ಉಮ್ಮುಲ್ ಖುರಾದಲ್ಲಿ ಇಶಾಗೆ ಕೋನವೇ ಇಲ್ಲ, ಮಗ್ರಿಬ್ ಆಗಿ 90 ನಿಮಿಷ, ರಂಜಾನಲ್ಲಿ 120. ಫೋನಲ್ಲಿ ಆಪ್ ಹಾಕ್ಕೊಂಡ ಹುಡುಗರೆಲ್ಲ ಒಬ್ಬೊಬ್ಬರು ಒಂದೊಂದು ಟೈಮ್ ಹೇಳೋದು ಇದಕ್ಕೇ, ಸೆಟ್ಟಿಂಗ್ಸಲ್ಲಿ ಏನಿದೆ ಅಂತ ಯಾರೂ ತೆಗೆದು ನೋಡಿರಲ್ಲ. ಜೂನಲ್ಲಿ ನಮ್ಮೂರಿಗೆ 18ಕ್ಕೂ 15ಕ್ಕೂ 14 ನಿಮಿಷ ಫರಕು. ಹಜರತ್‌ರನ್ನ ಕೇಳ್ದೆ, ಗೋಡೆಯ ಪಟ್ಟಿ 18ರದ್ದು, ಅದನ್ನೇ ಇಡು ಅಂದ್ರು, ಮೇಲೆ ಎರಡು ನಿಮಿಷ ಇಹ್ತಿಯಾತ್, ಅಂದ್ರೆ ಮುನ್ನೆಚ್ಚರಿಕೆ, ಸೇರಿಸು ಅಂದ್ರು. ಇದು ನನ್ನ ನಿರ್ಧಾರ ಅಲ್ಲ, ನನ್ನ ಕೆಲಸ ವೈರಿಂಗ್.

ಇನ್ನೊಂದು ಪ್ರಶ್ನೆ ಚಾಚಾ ಎತ್ತಿದ್ರು. ನಮ್ಮೂರಲ್ಲಿ ಸುತ್ತ ಗುಡ್ಡ, ಸೂರ್ಯ ಗುಡ್ಡದ ಹಿಂದೆ ಹೋಗೋದು ಬೇಗ, ಅದು ಮುಳುಗಿದ ಹಾಗಾ? ಅಲ್ಲ, ಗುಡ್ಡ ಅಡ್ಡ ಬಂದಿದೆ ಅಷ್ಟೇ, ಲೆಕ್ಕ ನಿಜವಾದ ದಿಗಂತದ್ದು. ಉಲ್ಟಾ ತೊಂದರೆ ಆಗುಂಬೆಯೋರಿಗೆ, 640 ಮೀಟರ್ ಎತ್ತರದಿಂದ ಕೆಳಗೆ ಸಮುದ್ರದವರೆಗೆ ಕಣ್ಣು ಹೋಗುತ್ತೆ, ಸಪಾಟು ಲೆಕ್ಕದ ಟೈಮ್ ಮುಗಿದ ಮೇಲೂ ಮೂರು ಮೂರೂವರೆ ನಿಮಿಷ ಸೂರ್ಯ ಕಾಣ್ತಾನೇ ಇರ್ತಾನೆ. ನಾವು ಕೆಳಗಿದೀವಿ, ಬಚಾವು.

ಕೋಡ್ ಬರೆದು ಬೆಂಚ್ ಮೇಲೆ 365 ದಿನ ಲೂಪಲ್ಲಿ ಓಡಿಸ್ದೆ. ಮಾರ್ಚ್ 20 ದಾಟಿದ ಕೂಡ್ಲೇ ಜುಹರ್ ಮುಂದೆ ಮೈನಸ್ 11:23! ಎರಡು ದಿನ ಹಂಗೇ, ಆಮೇಲೆ ಸರಿ. ತಲೆ ಕೆರ್ಕೊಂಡೆ. ವಿಷುವದ ಹತ್ತಿರ ಸೂರ್ಯನ ಒಂದು ಎಣಿಕೆ 24 ಮುಗಿಸಿ ಸೊನ್ನೆಗೆ ಬಂದಿರುತ್ತೆ, ಇನ್ನೊಂದು ಎಣಿಕೆ ಇನ್ನೂ 23 ಚಿಲ್ಲರೆಯಲ್ಲೇ ಇರುತ್ತೆ, ಎರಡನ್ನ ಕಳೆದ್ರೆ ಇಡೀ ಒಂದು ದಿನದ ವ್ಯತ್ಯಾಸ. ಕಳೆದ ಉತ್ತರ 12ಕ್ಕಿಂತ ಜಾಸ್ತಿ ಬಂದ್ರೆ 24 ತೆಗಿ ಅಂತ ಒಂದು ಸಾಲು ಹಾಕಿದ್ರೆ ಮುಗೀತು. ಭಲೇ, ಇಡೀ ವರ್ಷ ಚೆಕ್ ಮಾಡ್ಬಿಟ್ಟೆ ಅಂತ ಬೆನ್ನು ತಟ್ಕೊಂಡೆ. ಮೈನಸ್ 11 ಗಂಟೆ ಕಣ್ಣಿಗೆ ರಾಚುತ್ತೆ, ಕಾಲು ಗಂಟೆ ತಪ್ಪು ಅಂದ್ರೆ ಸರಿ ಇರೋ ಟೈಮಿನ ಹಾಗೇ ಕಾಣುತ್ತೆ, ಅದು ಆಗ ಹೊಳೀಲಿಲ್ಲ.

ಅಕ್ಷರದ್ದು ಬೇರೆ ರಾಮಾಯಣ. ಹಿರಿಯರಿಗೆ ಉರ್ದು ಬೇಕು, ಮಕ್ಕಳು ಓದೋದು ಕನ್ನಡ. ಉರ್ದು ಅಕ್ಷರ ಪದದ ಶುರುವಲ್ಲಿ ಒಂದು ರೂಪ, ಮಧ್ಯೆ ಒಂದು, ಕೊನೇಲಿ ಒಂದು, ಒಂಟಿಯಾಗಿದ್ರೆ ಇನ್ನೊಂದು. ಯುನಿಕೋಡಲ್ಲಿ ಇರೋದು ಒಂದೇ ಅಕ್ಷರ, ಜೋಡಿಸೋ ಕೆಲಸ ಕಂಪ್ಯೂಟರಿಂದು, ಈ ಪುಟ್ಟ ಚಿಪ್ಪಿಗೆ ಅದೆಲ್ಲ ಗೊತ್ತಿಲ್ಲ, ಬಿಡಿ ಬಿಡಿ ಅಕ್ಷರ ಎಡದಿಂದ ಬಲಕ್ಕೆ ಸುರಿಯುತ್ತೆ. ಕನ್ನಡನೂ ಹಂಗೇ, ಒತ್ತಕ್ಷರ ಬಂದ್ರೆ 16 ಚುಕ್ಕಿ ಎತ್ತರದಲ್ಲಿ ಉಸಿರುಗಟ್ಟುತ್ತೆ, ಅದಕ್ಕೇ ಒತ್ತು ಇಲ್ಲದ ಹಾಗೆ ಜುಹರ್, ಫಜರ್ ಅಂತ ಬರೆದಿದ್ದು. ಕೊನೆಗೆ ಐದು ಹೆಸರನ್ನೂ ಎರಡೂ ಲಿಪೀಲಿ ಲ್ಯಾಪ್‌ಟಾಪಲ್ಲೇ ಚಿತ್ರ ಮಾಡಿ, ಚುಕ್ಕಿ ಚುಕ್ಕಿ ತಿದ್ದಿ ಒಳಗೆ ಹಾಕ್ದೆ, ಮೂರು ಸೆಕೆಂಡಿಗೊಂದು ಸಲ ಲಿಪಿ ಬದಲಾಗುತ್ತೆ. ಉರ್ದು ಅಕ್ಷರದ ನುಕ್ತಾ, ಅಂದ್ರೆ ಬೊಟ್ಟು, ಒಂದು ಚುಕ್ಕಿ ಆಚೆ ಹೋಗಿದ್ದನ್ನ ಹಜರತ್ ಹತ್ತು ಅಡಿ ದೂರದಿಂದ ಹಿಡಿದ್ರು.

ಹಿಜ್ರಿ (ಇಸ್ಲಾಮಿ ಚಾಂದ್ರ ಪಂಚಾಂಗದ) ತಾರೀಕೂ ಬೇಕು ಅಂದ್ರು. 30 ವರ್ಷಕ್ಕೆ 11 ಅಧಿಕ ವರ್ಷದ ಲೆಕ್ಕ ಇದೆ, ಹಾಕ್ದೆ, ಆದ್ರೆ ಚಾಂದ್, ಅಂದ್ರೆ ಹೊಸ ಚಂದ್ರ, ಲೆಕ್ಕ ಕೇಳಲ್ಲ, ಕಂಡ್ರೆ ಕಂಡ ಹಾಗೆ. ಮಲೆನಾಡಿನ ಮೋಡದಲ್ಲಿ ಚಾಂದ್ ಹುಡುಕೋದು ಬಿಡಿ, ಬೆಂಗಳೂರಿಂದ ಚಾಂದ್ ಕಮಿಟಿ ಸುದ್ದಿ ಫೋನಲ್ಲಿ ಬರ್ಬೇಕು. ಅದಕ್ಕೆ ಬಾಕ್ಸಿನ ಪಕ್ಕ ಎರಡು ಬಟನ್ ಇಟ್ಟೆ, ಒಂದು ದಿನ ಮುಂದೆ, ಒಂದು ದಿನ ಹಿಂದೆ. ಮತ್ತೆ ಈ ತಾರೀಕು ಮಧ್ಯರಾತ್ರಿಗೆ ಬದಲಾಗೋದಲ್ಲ, ಮಗ್ರಿಬ್‌ಗೆ. ಮೊದಲನೇ ಕೋಡಲ್ಲಿ ರಾತ್ರಿ 12ಕ್ಕೆ ಬದಲಾಗ್ತಿತ್ತು, ಅಂಗಡೀಲಿ ಕೂತಿದ್ದ ಅಪ್ಪ ನೋಡಿ ನಕ್ಕಿದ್ರು.

ರಂಜಾನಿಗೆ ನಾಲ್ಕು ದಿನ ಮುಂಚೆ ಬೋರ್ಡ್ ಏರಿತು. ಫಜರ್‌ಗೆ ಬಂದೋರು ಮುಂದಿನ ಸಾಲಲ್ಲಿ ಮುಖವೆಲ್ಲ ಕೆಂಪು ಕೆಂಪು ಅಂದ್ರು, ಇಶಾ ಆದ್ಮೇಲೆ ಬೆಳಗಿನವರೆಗೆ ಬೆಳಕು ತಗ್ಗೋ ಹಾಗೆ ಮಾಡ್ದೆ. ಸಹರಿ (ಬೆಳಗಿನ ಜಾವದ ಊಟ), ಇಫ್ತಾರ್ ಎಲ್ಲಾ ಪಟ್ಟಿಗೆ ತಾಳೆ. ಇಡೀ ತಿಂಗಳು ನಾನು ಊರಲ್ಲಿ ಎಂಜಿನಿಯರ್ರು.

ಏಪ್ರಿಲಲ್ಲಿ ಮೊದಲ ಗುಡುಗು ಮಳೆಗೇ ಎಸ್ಎಂಪಿಎಸ್ ಹೋಯ್ತು. ಅದು ನನ್ನದೇ ತಪ್ಪು, ಊರವರಿಗೆಲ್ಲ ಸರ್ಜ್ ಹಾಕ್ಸಿ ಅಂತ ಹೇಳೋನು ಇಲ್ಲಿ ಏರೋ ವೋಲ್ಟೇಜ್ ತಡೆಯೋ ಎಂಒವಿ ಹಾಕೋದು ಬಿಟ್ಟಿದ್ದೆ. ಹೊಸ ಸಪ್ಲೈ, 275 ವೋಲ್ಟಿನ ಎಂಒವಿ, ಫ್ಯೂಸು, ಅರ್ತ್ ಹೊಸದಾಗಿ. ಬಾಕ್ಸ್ ಬಿಚ್ಚಿದ್ರೆ ಒಳಗೆ ಒಂದು ಹಲ್ಲಿ ಬೆಚ್ಚಗೆ ಸಂಸಾರ ಹೂಡಿತ್ತು, ಗಾಳಿ ತೂತಿಗೆಲ್ಲ ಸೊಳ್ಳೆ ಮೆಶ್ ಅಂಟಿಸ್ದೆ, ಒಳಗಿನ ಸರ್ಕ್ಯೂಟ್ ಬೋರ್ಡಿಗೆ ವಾರ್ನಿಶ್ ಹೊಡೆದೆ.

ಮೇ ಕೊನೆ ವಾರ ಹಜರತ್ ಫೋನು. "ಬೇಟಾ, ಅಸರ್ ಟೈಮ್ ಯಾಕೋ ಓಡ್ತಾ ಇದೆ." ಹೋಗಿ ನೋಡಿದ್ರೆ ಗೋಡೆಯ ಪಟ್ಟೀಲಿ 4:59, ನನ್ನ ಬೋರ್ಡಲ್ಲಿ 4:45. ಮಿಕ್ಕ ನಾಲ್ಕೂ ಸರಿ ಇದೆ. ಪಟ್ಟಿ ಯಾವ ಕಾಲದ್ದೋ, ಪ್ರಿಂಟ್ ತಪ್ಪಿರ್ಬೇಕು ಅಂತ ಬಾಯಿ ತುದಿಗೆ ಬಂದಿತ್ತು, ಸದ್ಯ ನುಂಗಿಕೊಂಡೆ. ಹಜರತ್ ವಾದ ಮಾಡ್ಲಿಲ್ಲ. "28ನೇ ತಾರೀಕು ಹೆಂಗೂ ಕಿಬ್ಲಾ ನೋಡೋ ದಿನ, ಒಂದು ಕೋಲು ತಗೊಂಡು ಬಾ" ಅಂದ್ರು, ಅಷ್ಟೇ.

ವರ್ಷಕ್ಕೆ ಎರಡು ಸಲ, ಮೇ 28ರ ಹೊತ್ತಿಗೆ ಒಂದ್ಸಲ, ಜುಲೈ 16ರ ಹೊತ್ತಿಗೆ ಒಂದ್ಸಲ, ಮಧ್ಯಾಹ್ನ ಸೂರ್ಯ ಸರಿಯಾಗಿ ಮಕ್ಕಾದ ಕಾಬಾದ ನೆತ್ತಿ ಮೇಲೆ ಬರ್ತಾನೆ, ನಮಾಜಿಗೆ ಮುಖ ಮಾಡೋ ಆ ಕಾಬಾದ ದಿಕ್ಕೇ ಕಿಬ್ಲಾ. ಮೇನಲ್ಲಿ ಅದು ನಮ್ಮ ಟೈಮಿಗೆ 2:48. ಆ ಕ್ಷಣ ಎಲ್ಲೇ ಒಂದು ಕೋಲು ನೆಟ್ಟಗೆ ನಿಲ್ಲಿಸಿದ್ರೂ ಸೂರ್ಯ ಇರೋ ಕಡೆ ಕಿಬ್ಲಾ, ನೆರಳು ಅದರ ಉಲ್ಟಾ ಕಡೆ.

ಒಂದು ಮೀಟರಿಗೆ ಕತ್ತರಿಸಿದ ಪಿವಿಸಿ ಪೈಪು, ಗಾರೆಯೋರ ರಸಮಟ್ಟ, ಟೇಪು, ಸೀಮೆಸುಣ್ಣ. ಬೆಳಿಗ್ಗೆ ಒಂದು ಹದ ಮಳೆ ಬಂದು ಹೋಗಿತ್ತು, 11ಕ್ಕೆ ಮೋಡ ಹರೀತು. ನಮಾಜಿಗೆ ಮುಂಚೆ ಕೈಕಾಲು ತೊಳೆಯೋ ವುಜೂ ಖಾನೆ ಪಕ್ಕದ ಸಿಮೆಂಟ್ ಅಂಗಳದಲ್ಲಿ ಪೈಪನ್ನ ಹಳೇ ಪೇಂಟ್ ಡಬ್ಬದ ಕಾಂಕ್ರೀಟಲ್ಲಿ ನಿಲ್ಲಿಸಿ ಎರಡೂ ಕಡೆ ಮಟ್ಟ ಹಿಡಿದ್ವಿ. 12:26ಕ್ಕೆ ನೆರಳು ಅತೀ ಗಿಡ್ಡ, ಟೇಪಲ್ಲಿ 13 ಚಿಲ್ಲರೆ ಸೆಂ.ಮೀ. ನೆರಳಿನ ತುದಿ ಗೆರೆ ಕೊಯ್ದ ಹಾಗೆ ಇರಲ್ಲ, ಮಸುಕು, ಅದು ಬೇರೆ ತಲೆಬಿಸಿ, ಬಿಳಿ ಹಾಳೆ ಹಾಸಿ ನೋಡ್ಬೇಕು. ಹಜರತ್ ಮಂಡಿ ಊರಿ ಅಲ್ಲಿ ಗೆರೆ ಎಳೆದು ಹೇಳಿದ್ರು, ಇದು ಸಾಯಾ-ಎ-ಅಸ್ಲಿ, ಮಧ್ಯಾಹ್ನದ ಮೂಲ ನೆರಳು, ಇದನ್ನ ಬಿಟ್ಟು ಕೋಲಿನ ಎರಡು ಪಟ್ಟು ನೆರಳಾದಾಗ ನಮ್ಮ ಹನಫಿ ಪಂಥದ ಅಸರ್.

ಆಗ ನೋಡ್ದೆ ನಾನು, ನೆರಳು ಬಿದ್ದಿದ್ದು ದಕ್ಷಿಣಕ್ಕೆ.

ಒಂದು ನಿಮಿಷ ಏನೂ ಹೊಳೀಲಿಲ್ಲ, ಆಮೇಲೆ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಅಸರ್ ಸಾಲಲ್ಲಿ ನಾನು ಬರೆದಿದ್ದು ಅಕ್ಷಾಂಶ ಕಳೆ ಕ್ರಾಂತಿ, ಅದರ ಟ್ಯಾನ್, ಅದಕ್ಕೆ ಎರಡು ಕೂಡಿಸು. ಆ ಟ್ಯಾನ್ ಬೇರೇನೂ ಅಲ್ಲ, ಹಜರತ್ ಗೆರೆ ಎಳೆದ ಅದೇ ಮೂಲ ನೆರಳು. ಚಳಿಗಾಲದಲ್ಲಿ ಸೂರ್ಯ ನಮ್ಮ ದಕ್ಷಿಣಕ್ಕೆ, ಕಳೆದ್ರೆ ಪ್ಲಸ್ಸೇ ಬರುತ್ತೆ. ಏಪ್ರಿಲ್ ಕೊನೆ ವಾರ ಶೂನ್ಯ ನೆರಳಿನ ದಿನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ, ಆಗಸ್ಟ್ ಮಧ್ಯದವರೆಗೆ ಅಲ್ಲೇ. ಆ ನಾಲ್ಕು ತಿಂಗಳು ಕಳೆದ್ರೆ ಮೈನಸ್, ನನ್ನ ಕೋಡಿನ ಪ್ರಕಾರ ನೆರಳು ಸೊನ್ನೆಗಿಂತ ಕಡಿಮೆ. ಹಜರತ್‌ಗೆ ವಿವರಿಸ್ದೆ, ನಕ್ಕುಬಿಟ್ರು. "ಉತ್ತರಕ್ಕೆ ಬಿದ್ರೂ ನೆರಳು, ದಕ್ಷಿಣಕ್ಕೆ ಬಿದ್ರೂ ನೆರಳು. ಅದ್ಯಾವ ನೆರಳಪ್ಪ ಮೈನಸ್ಸಿನದು?"

ದಿನಕ್ಕೆ ಅರ್ಧ ನಿಮಿಷದ ಹಾಗೆ ನಿಧಾನಕ್ಕೆ ಬೆಳೆದಿದ್ದು ಈ ತಪ್ಪು, ಅದಕ್ಕೇ ಯಾರ ಕಣ್ಣಿಗೂ ಬೀಳ್ಲಿಲ್ಲ. ಹಿಂಗೇ ಬಿಟ್ಟಿದ್ರೆ ಜೂನ್ 21ಕ್ಕೆ 17 ನಿಮಿಷ ಆಗ್ತಿತ್ತು. ಕರ್ಕಾಟಕ ವೃತ್ತದಿಂದ ಉತ್ತರದ ಊರಾಗಿದ್ರೆ ಸೂರ್ಯ ಯಾವತ್ತೂ ನೆತ್ತಿ ದಾಟಿ ಉತ್ತರಕ್ಕೆ ಹೋಗಲ್ಲ, ಈ ಬಗ್ ಸಾಯೋವರೆಗೂ ಗೊತ್ತಾಗ್ತಿರ್ಲಿಲ್ಲ.

ಗೊತ್ತಾದ್ಮೇಲೂ ಕೋಲು ಎತ್ತೋಕೆ ಹಜರತ್ ಬಿಡ್ಲಿಲ್ಲ, ಪೂರ್ತಿ ನೋಡೋಣ ಅಂದ್ರು. 2:48ಕ್ಕೆ ನೆರಳಿನ ಮೇಲೆ ದಾರ ಎಳೆದ್ವಿ, ಒಳಗಿನ ಸಫ್ (ನಮಾಜಿನ ಸಾಲು) ಗೆರೆಗೆ ಮೂಲೆಮಟ್ಟ ಇಟ್ಟು ನೋಡಿದ್ರೆ ಒಂದೆರಡು ಡಿಗ್ರಿ ಒಳಗೇ ಇದೆ, ಪಶ್ಚಿಮದಿಂದ ಉತ್ತರಕ್ಕೆ 18 ಡಿಗ್ರಿ. ಕಟ್ಟಿದ ಹಿರಿಯರು ಆಗ ಯಾವ ಆಪ್ ನೋಡಿದ್ರೋ. ಕಾಯ್ತಾ ಕೂತಾಗ ಹಜರತ್ ಒಂದು ವಿಷಯ ಹೇಳಿದ್ರು, ಹಳೇ ಕಾಲದ ದೊಡ್ಡ ಮಸೀದಿಗಳಲ್ಲಿ ಇದಕ್ಕೇ ಒಂದು ಹುದ್ದೆ ಇತ್ತಂತೆ, ಮುವಕ್ಕಿತ್ ಅಂತ, ಟೈಮ್ ನೋಡೋನು. ಡಮಾಸ್ಕಸ್‌ನ ಉಮಯ್ಯದ್ ಮಸೀದೀಲಿ ಇಬ್ನ್ ಅಲ್-ಶಾತಿರ್ ಅಂತ ಒಬ್ಬ ಮುವಕ್ಕಿತ್ ಇದ್ದ, 1371ರ ಹೊತ್ತಿಗೆ ಮಿನಾರಿಗೆ ಅಮೃತಶಿಲೆಯ ನೆರಳು ಗಡಿಯಾರ ಮಾಡಿಟ್ಟ. ಸಂಬಳ ಇತ್ತಾ ಹಜರತ್ ಅಂತ ಕೇಳ್ದೆ. ಇತ್ತು, ನಿನಗಿಲ್ಲ ಅಂದ್ರು.

ಬೋರ್ಡಲ್ಲಿ ಅಸರ್ ಆಗಿ ಬೀಪ್ ಹೊಡೆದಾಗ ಟೇಪ್ ಹಿಡಿದ್ರೆ ನೆರಳು 187 ಸೆಂ.ಮೀ. ಬೇಕಾದ್ದು ಇನ್ನೂರು ಪ್ಲಸ್ ಆ ಹದಿಮೂರೂವರೆ. ಮಕ್ಕಳೆಲ್ಲ ಮದ್ರಸಾ ಬಿಟ್ಟು ಸುತ್ತ ನಿಂತಿದ್ರು, ಒಬ್ಬ ಇಣುಕಿ ಅವನ ತಲೆ ನೆರಳೇ ಅಡ್ಡ ಬಂತು, ಗದರಿಸಿ ಹಿಂದೆ ಕಳಿಸ್ದೆ. 4:58 ಆಗಿ 59ಕ್ಕೆ ಹೋಗೋವಾಗ ಮಸುಕು ತುದಿ ಸೀಮೆಸುಣ್ಣದ ಗೆರೆ ಮುಟ್ತು. ಹಜರತ್ ಏನೂ ಮಾತಾಡ್ದೆ ಎದ್ದು ಅಜಾನ್ ಕೊಡೋಕೆ ಹೋದ್ರು.

ಅವತ್ತೇ ರಾತ್ರಿ ಏಣಿ ಮೇಲೆ ಒಂದು ಕೈಲಿ ಲ್ಯಾಪ್‌ಟಾಪ್ ಹಿಡಿದು ಕೇಬಲ್ ಚುಚ್ಚಿ ಸರಿ ಮಾಡ್ದೆ. ಕಳೆದ ಉತ್ತರದ ಸುತ್ತ ಮೈನಸ್ ಚಿಹ್ನೆ ತೆಗೆಯೋ ಫ್ಯಾಬ್ಸ್ (fabs), ನಾಲ್ಕು ಅಕ್ಷರ ಎರಡು ಕಂಸ. ಆಮೇಲೆ ಬುದ್ಧಿ ಬಂದು ಗೋಡೆಯ ಪಟ್ಟೀಲಿ ಪ್ರತಿ ತಿಂಗಳ ಒಂದನೇ ತಾರೀಕಿನ ಸಾಲು ಟೈಪ್ ಮಾಡಿ ಕೋಡಿನ ಉತ್ತರದ ಪಕ್ಕ ಇಟ್ಟೆ, ಹನ್ನೆರಡೂ ತಿಂಗಳು ಒಂದು ನಿಮಿಷದೊಳಗೆ ತಾಳೆ. ಇದನ್ನ ಫೆಬ್ರವರೀಲೇ ಮಾಡಿದ್ರೆ ಹತ್ತು ನಿಮಿಷದ ಕೆಲಸ. ಪಟ್ಟಿ ಫ್ರೇಮನ್ನ ಬೋರ್ಡ್ ಕೆಳಗೇ ಇರ್ಲಿ ಅಂತ ಕಮಿಟಿ ಹೇಳಿದೆ, ನಾನೂ ಬೇಡ ಅನ್ಲಿಲ್ಲ.

ಈಗ ಘಟ್ಟದ ಕೆಳಗಿಂದ ಬಂದು ನೆಲೆಸಿರೋ ಬ್ಯಾರಿಗಳ ಮಸೀದಿಯಿಂದ ಉಸ್ತಾದ್ ಬಂದಿದ್ರು, ಅವರಿಗೂ ಒಂದು ಬೋರ್ಡ್ ಬೇಕಂತೆ. ಅವರು ಶಾಫಿ ಪಂಥದೋರು, ಅಸರ್‌ಗೆ ಒಂದು ಪಟ್ಟು ನೆರಳು ಸಾಕು. ಜೂನ್ 21ಕ್ಕೆ ಅವರದ್ದು 3:57, ನಮ್ಮದು 5:06, ಒಂದೇ ಕೋಡು, ಎರಡರ ಬದಲು ಒಂದು, ಅದಕ್ಕೆ ಒಂದು ಜಂಪರ್ ಇಟ್ಟಿದೀನಿ. ಹಳೇ ಬಗ್ ಏನಾದ್ರೂ ಅಲ್ಲಿಗೆ ಹೋಗಿದ್ರೆ 43 ನಿಮಿಷ ಮುಂಚೆ ಅಸರ್ ಆಗ್ತಿತ್ತು, ನೆನೆಸ್ಕೊಂಡ್ರೆ ಈಗಲೂ ಮೈ ಜುಮ್ ಅನ್ನುತ್ತೆ. ಜುಲೈ 16ಕ್ಕೆ ಅವರ ಅಂಗಳದಲ್ಲೇ ಪೈಪ್ ನಿಲ್ಲಿಸೋಣ ಅಂತ ಹೋಗಿದ್ವಿ, ಮಲೆನಾಡಿನ ಜುಲೈ ಗೊತ್ತಲ್ಲ, ಕೊಡೆ ಹಿಡ್ಕೊಂಡು ಟೀ ಕುಡಿದು ವಾಪಸ್ ಬಂದ್ವಿ. ಆಗಸ್ಟ್ ಮಧ್ಯ ಸೂರ್ಯ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಇಳೀತಾನೆ, ಆ ವಾರ ಒಂದು ದಿನ ಬಿಸಿಲು ಬಿದ್ರೆ ಎರಡೂ ಕಡೆ ನೆರಳು ಅಳೆದು ಆಮೇಲೆ ಏರಿಸೋಣ ಉಸ್ತಾದ್ ಅಂದಿದೀನಿ. ಪ್ಯಾನೆಲ್ ಬಂದಿದೆ, ಎಂಒವಿ ಈ ಸಲ ಮೊದಲೇ ಹಾಕಿದೀನಿ.